ಎರಡನೆಯ ಪರಿಶೀಲಕ

‘ಈ ಮನುಷ್ಯನಿಗೆ ಏನು ತಿಳಿಯಬೇಕಾಗಿದೆ ಎಂಬುದು ಅವನಿಗೇ ಗೊತ್ತಿದ್ದಂತಿಲ್ಲ’ ಎಂದು ಅಂಚಿನಲ್ಲಿ ಗೀಚಿ ಹಾಳೆ ಮಗುಚಿದಾಗ ಅವನಿಗೆ ತನ್ನ ಚಪ್ಪಲಿ ಕಂಡಿತು.

ಎಡಗಾಲಿನದು. ಉಂಗುಟದ ಬಾರು ಕಿತ್ತುಹೋಗಿ ಬೇರೆ ಬಣ್ಣದ ದಾರದಲ್ಲಿ ಹೊಲಿಸಿದ್ದು. ಬಿರಿದ ನೆಲದ ಚಿತ್ರವೊಂದರ ಮೂಲೆಯಲ್ಲಿ, ಯಾರೋ ಬಿಟ್ಟುಹೋದಂತೆ ಬಿದ್ದುಕೊಂಡಿತ್ತು. ಬಿರುಕು ಎಷ್ಟು ಅಗಲವಿದೆ ಎಂಬುದು ನೋಡುವವರಿಗೆ ತಿಳಿಯಲೆಂದು ಪಕ್ಕದಲ್ಲಿ ಏನಾದರೊಂದು ಇಟ್ಟು ಚಿತ್ರ ತೆಗೆಯುವುದು ಮಣ್ಣಿನ ಶಾಸ್ತ್ರದವರ ಪದ್ಧತಿ. ಅಳತೆಪಟ್ಟಿ ಇಡುತ್ತಾರೆ. ಆ ದಿನ ಅವನು ಪಟ್ಟಿ ಮರೆತಿದ್ದ.

ಅಂದರೆ, ಪರಿಶೀಲಿಸಲು ತನಗೆ ಬಂದಿರುವ ಇದು ತನ್ನದೇ ಅರ್ಜಿ.

ಅವನು ಪೆನ್ನು ಕೆಳಗಿಟ್ಟು ಬಾಗಿಲ ಕಡೆ ನೋಡಿದ. ಬಾಗಿಲು ಮುಚ್ಚಿತ್ತು. ಎದ್ದುಹೋಗಿ ಚಿಲಕ ಹಾಕಿ ಬಂದ. ಯಾಕೆ ಹಾಕಿದೆ ಎಂದು ಅವನಿಗೇ ತಿಳಿಯಲಿಲ್ಲ.

ಗುರುತು ಸಿಗದೆ ಹೋದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ವಿಶ್ವವಿದ್ಯಾಲಯ ತನ್ನ ಎಳೆಯ ಅಧ್ಯಾಪಕರಿಗೆಂದು ಕೊಡುವ ಸಂಶೋಧನಾ ಅನುದಾನಕ್ಕೆ ಬಂದ ಅರ್ಜಿಗಳನ್ನೆಲ್ಲ ಮೊದಲು ಭಾಷೆ ತಿದ್ದುವ ಹೆಂಗಸೊಬ್ಬಳು ತಿದ್ದುತ್ತಿದ್ದಳು. ಅವಳ ಕೈ ದಾಟಿದ ಮೇಲೆ ತಾರೆಗಳ ಮೇಲಿನ ಅರ್ಜಿಯೂ ತಿಗಣೆಯ ಮೇಲಿನ ಅರ್ಜಿಯೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಆಮೇಲೆ ಸಂಶೋಧನಾ ಕಚೇರಿಯವರು ಹೆಸರು, ವಿಭಾಗ, ಶೀರ್ಷಿಕೆ ಕಿತ್ತುಹಾಕಿ ಸಂಖ್ಯೆ ಅಂಟಿಸುತ್ತಿದ್ದರು. ಪಕ್ಷಪಾತ ಆಗಬಾರದಲ್ಲ.

ಅವನು ಕಚೇರಿಗೆ ಫೋನು ಮಾಡಿದ. ಗುಮಾಸ್ತೆ ಎತ್ತಿದಳು.

“ಮೇಡಂ, ನನಗೊಂದು ಅರ್ಜಿ ಕಳಿಸಿದ್ದೀರಲ್ಲ...”

“ಅಯ್ಯೋ ಸರ್, ನಿಮ್ಮೊಬ್ರದ್ದೇ ಬಾಕಿ. ಸಂಜೆ ಸಮಿತಿ ಕೂರುತ್ತೆ. ಇವತ್ತೂ ಕೊಡಲಿಲ್ಲ ಅಂದ್ರೆ ಆ ಅರ್ಜಿ ಪಕ್ಕಕ್ಕೆ. ಪಾಪ ಯಾರದೋ ಏನೋ.”

“ಅದೇ ಹೇಳೋಣ ಅಂತ. ಬೇರೆ ಯಾರಿಗಾದ್ರೂ ಕಳಿಸೋಕಾಗುತ್ತಾ?”

“ಬೇರೆ ಯಾರಿದಾರೆ ಸರ್? ಮೊದಲನೇ ಪರಿಶೀಲಕರು ಯಾರಾದ್ರೂ ನಡೆಯುತ್ತೆ, ಎರಡನೆಯವರು ವಿಷಯ ಗೊತ್ತಿರೋರೇ ಆಗಬೇಕು. ತುಳಿದ ದಾರಿಯ ಮಣ್ಣು ಅಂತ ಹಾಕಿದ್ರೆ ಕಂಪ್ಯೂಟರು ನಿಮ್ಮ ಹೆಸರೊಂದೇ ತೋರಿಸುತ್ತೆ. ಇಡೀ ವಿಶ್ವವಿದ್ಯಾಲಯಕ್ಕೆ ನೀವೊಬ್ರೇ ತಜ್ಞರು.”

“ಹೌದು. ಅದಕ್ಕೇ...”

“ಅದಕ್ಕೇ ನೀವೇ ಬರೀಬೇಕು. ಊಟದ ಹೊತ್ತಿಗೆ ಕೊಟ್ಬಿಡಿ ಸರ್, ಪುಣ್ಯ ಬರುತ್ತೆ.”

ಫೋನು ಇಟ್ಟಳು. ಹೇಳುವುದನ್ನು ಹೇಳಿಬಿಟ್ಟೆನೆಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಹೇಳಿರಲಿಲ್ಲ.

ಈ ವರ್ಷ ತಪ್ಪಿದರೆ ಮುಂದಿನ ವರ್ಷವಿಲ್ಲ. ಬರುವ ತಿಂಗಳಿಗೆ ಅವನು ಎಳೆಯನಾಗಿರುವುದಿಲ್ಲ. ನಿಯಮದ ಪ್ರಕಾರ ಬಲಿತುಬಿಡುತ್ತಾನೆ. ಅನುದಾನವೊಂದನ್ನೂ ತರದೆ ಬಲಿತವರನ್ನು ಖಾಯಂ ಮಾಡಿದ ಉದಾಹರಣೆ ವಿಭಾಗದಲ್ಲಿ ಇರಲಿಲ್ಲ. ಖಾಯಂ ಆದರೆ, ದೂರದ ಊರಿನ ಶಾಲೆಯಲ್ಲಿ ಪಾಠ ಮಾಡುತ್ತಿರುವ ಹೆಂಡತಿ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಬಂದುಬಿಡುವಳು. ಹಾಗೆಂದು ಮಾತಾಗಿತ್ತು. ಮಾತಾಗಿ ಬಹಳ ದಿನವಾಗಿತ್ತು.

ಹತ್ತಕ್ಕೆ ಹತ್ತು ಕೊಟ್ಟುಕೊಳ್ಳಬಹುದು. ಯಾರಿಗೂ ತಿಳಿಯುವುದಿಲ್ಲ. ಅವನ ಸೋದರಮಾವ ಕೇಳಿದ್ದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಗುತ್ತಿದ್ದ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅದರ ಬದಲು ಒಂದು ಕುತೂಹಲ ಹುಟ್ಟಿತು. ಮೊದಲ ಮೂರು ಪುಟ ಓದುವಾಗ ಈ ಬರೆದವನ ಮೇಲೆ ತನಗೆ ಯಾಕಷ್ಟು ಬೇಸರವಾಗುತ್ತಿತ್ತು?

ಪೆನ್ನು ತೆಗೆದುಕೊಂಡು ಮುಂದಕ್ಕೆ ಓದಿದ.

ಓದುತ್ತ ಹೋದಂತೆ ಬರೆದವನು ಅವನಿಗೆ ಚೆನ್ನಾಗಿ ಪರಿಚಯವಾದ. ಎಲ್ಲಿ ಗೊತ್ತಿಲ್ಲವೋ ಅಲ್ಲಿ ದೊಡ್ಡ ಮಾತಾಡುತ್ತಿದ್ದ. ಎಲ್ಲಿ ಗೊತ್ತಿದೆಯೋ ಅಲ್ಲಿ ಹಿರಿಯರ ಹೆಸರು ಹೇಳಿ ನಮಸ್ಕಾರ ಹಾಕುತ್ತಿದ್ದ. ಪ್ರಯೋಗ ಮುಗಿಯುವ ಮೊದಲೇ ಫಲಿತಾಂಶಕ್ಕೆ ಜಾಗ ಕಾಯ್ದಿರಿಸಿದ್ದ. ಬಸ್ಸಿನ ಸೀಟಿನ ಮೇಲೆ ಕರವಸ್ತ್ರ ಹಾಕಿ ಕೆಳಗಿಳಿದು ಬೀಡಿ ಸೇದುವವನ ಹಾಗೆ.

ಮೊದಲಿಗೆ ಒಂದು ಪ್ರಶ್ನೆ ಇತ್ತು. ಅದೆಲ್ಲಿ ಹೋಯಿತೆಂದು ಅವನು ಹುಡುಕಿದ. ಸೋದರಮಾವನ ಹೊಲದ ನಡುವೆ ಊರವರು ತುಳಿದ ಕಾಲುದಾರಿಯೊಂದಿತ್ತು. ಜಗಳವಾಗಿ ಮಾವ ಅದನ್ನು ಉತ್ತು ಬಿತ್ತಿಬಿಟ್ಟ. ದಾರಿ ಹೋಯಿತು, ಆದರೆ ಪ್ರತಿವರ್ಷವೂ ಜೋಳದ ನಡುವೆ ಅದೇ ಗೆರೆಯಲ್ಲಿ ಪೈರು ಗಿಡ್ಡವಾಗಿ, ಹಳದಿಯಾಗಿ ಬರುತ್ತಿತ್ತು. ಗೊಬ್ಬರ ಸುರಿದರೂ ಅಷ್ಟೆ. ಕಾವಲಿನ ಅಟ್ಟಣೆ ಹತ್ತಿ ನಿಂತರೆ, ಯಾರೂ ನಡೆಯದ ದಾರಿ ಅಂಕುಡೊಂಕಾಗಿ ಕಾಣುತ್ತಿತ್ತು. “ಯಾಕೆ ಮಾವ?” ಎಂದು ಅವನು ಚಿಕ್ಕಂದಿನಲ್ಲಿ ಕೇಳಿದ್ದ. “ನಂಗೇನ್ ಗೊತ್ತೋ, ಓದಿದ ಮೇಲೆ ನೀನೇ ಹೇಳು,” ಎಂದಿದ್ದ ಮಾವ.

ಓದಿ ಆಯಿತು. ಅರ್ಜಿಯ ಹನ್ನೆರಡು ಪುಟದಲ್ಲಿ ಮಾವನೂ ಇರಲಿಲ್ಲ, ಜೋಳವೂ ಇರಲಿಲ್ಲ, ‘ಯಾಕೆ’ ಎಂಬ ಮಾತೂ ಇರಲಿಲ್ಲ. ಭಾಷೆ ತಿದ್ದುವವಳನ್ನು ದೂರಿ ಫಲವಿಲ್ಲ. ಅವಳಿಗೆ ಕೊಡುವ ಮೊದಲೇ ಅವನೇ ತೆಗೆದಿದ್ದ. ಹಳ್ಳಿಗನ ಕತೆಯಂತೆ ಕಾಣುತ್ತದೆ ಎಂದು.

ಅವನು ಕಂಪ್ಯೂಟರಿನಲ್ಲಿ ವರದಿ ಬರೆದ. ತಿದ್ದದೆ, ತಡವರಿಸದೆ ಬರೆದ. ‘ಅರ್ಜಿದಾರರು ಉತ್ತರವನ್ನು ಹುಡುಕುತ್ತಿಲ್ಲ, ಅನುದಾನವನ್ನು ಹುಡುಕುತ್ತಿದ್ದಾರೆ’ ಎಂದು ಕೊನೆಯ ಸಾಲು. ಹತ್ತಕ್ಕೆ ಎರಡು. ಕಳಿಸುವ ಗುಂಡಿ ಒತ್ತಿದ.

ನೊಗ ಇಳಿಸಿದ ಎತ್ತಿನ ಕತ್ತಿನಂತೆ ಅವನ ಹೆಗಲು ತಾನಾಗಿ ಮೇಲೆದ್ದಿತು. ಈ ಕೆಲಸಕ್ಕೆ ಸೇರಿದ ಐದು ವರ್ಷದಲ್ಲಿ ಇಷ್ಟು ಸಲೀಸಾಗಿ ಉಸಿರಾಡಿದ್ದು ನೆನಪಿರಲಿಲ್ಲ. ಚಿಲಕ ತೆಗೆದು, ಕಿಟಕಿಯನ್ನೂ ತೆಗೆದ. ಹೊರಗೆ ಮಾಲಿಯೊಬ್ಬ ಹುಲ್ಲಿಗೆ ನೀರು ಬಿಟ್ಟು ತನ್ನಷ್ಟಕ್ಕೆ ನಿಂತಿದ್ದ. ಅವನನ್ನು ಕರೆದು ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು.

ಊಟದ ಹೊತ್ತಿಗೆ ಹೆಂಡತಿಯ ಫೋನು ಬಂತು.

“ಊಟ ಆಯ್ತಾ?”

“ಆಯ್ತು.” ಆಗಿರಲಿಲ್ಲ. “ನಿಂದು?”

“ಹೂಂ. ಇವತ್ತಲ್ವಾ ನಿಮ್ಮದು ಗೊತ್ತಾಗೋದು?”

“ಸಂಜೆ.”

“ನಮ್ಮ ಹೆಡ್‌ಮಿಸ್ಸು ಕೇಳ್ತಿದಾರೆ ರೀ. ಬಿಡೋದಾದ್ರೆ ಈ ತಿಂಗಳೇ ಹೇಳಬೇಕಂತೆ, ಬೇರೆ ಟೀಚರ್‌ನ ನೋಡಬೇಕಂತೆ. ಏನು ಹೇಳ್ಲಿ?”

“ನೋಡೋಣ.”

“ಏನು ನೋಡೋದು? ನೀವು ನೋಡ್ತಾನೇ ಇದೀರಿ, ಇಲ್ಲಿ ಇವಳು ನಿಮ್ಮನ್ನ ಫೋನಲ್ಲಿರೋ ಅಪ್ಪ ಅಂತಾಳೆ.”

ಅವನು ನಕ್ಕ. ಅವಳು ನಗಲಿಲ್ಲ. ಅವಳ ಹಿಂದೆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು.

“ಬರಬೇಕು ಅಂತ ಇದೆ ತಾನೆ ನಿಮಗೆ, ನಾವು?”

“ಇದೇನು ಹೀಗೆ ಕೇಳ್ತೀಯ.”

“ಕೇಳಿದ್ದಕ್ಕೆ ಹೇಳ್ರಿ.”

“ಸಂಜೆ ಮಾಡ್ತೀನಿ,” ಎಂದು ಅವನು ಫೋನು ಇಟ್ಟ. ಬೆಳಗಿನ ಹಗುರ ಇನ್ನೂ ಎದೆಯಲ್ಲಿ ಹಾಗೇ ಇತ್ತು. ಅದು ಹಾಗೇ ಇದ್ದದ್ದಕ್ಕೆ ಅವನಿಗೆ ಮೊದಲ ಬಾರಿ ಸಣ್ಣಗೆ ಭಯವಾಯಿತು.

ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಕರೆದರು. ದಪ್ಪನೆಯ, ಕರುಣೆಯುಳ್ಳ ಮನುಷ್ಯ. ತಮ್ಮ ವಿಭಾಗದ ಅರ್ಜಿಗಳಿಗೆ ಸಹಿ ಮಾಡಿದವರು ಅವರೇ ಆದ್ದರಿಂದ ಯಾವುದು ಯಾರದೆಂದು ಅವರಿಗೆ ಗೊತ್ತಿತ್ತು, ಸಮಿತಿಯಲ್ಲೂ ಇದ್ದರು.

“ಬಾರಯ್ಯ, ಕೂತ್ಕೋ. ಮನಸ್ಸಿಗೆ ಹಚ್ಕೋಬೇಡ. ಇಬ್ಬರು ಪರಿಶೀಲಕರು. ಮೊದಲನೆಯವನು ಹತ್ತಕ್ಕೆ ಹತ್ತು ಕೊಟ್ಟಿದಾನೆ. ಎರಡನೆಯವನು ಯಾವನೋ ಕಟುಕ, ಎರಡು ಕೊಟ್ಟಿದಾನೆ. ಓದ್ತೀನಿ ಕೇಳು.”

ಓದಿದರು. ಅವರ ದನಿಯಲ್ಲಿ ಅದು ಇನ್ನೂ ಚೆನ್ನಾಗಿತ್ತು. ಒಂದೆರಡು ಕಡೆ ಅವನು ತಲೆದೂಗುವುದರಲ್ಲಿದ್ದ.

“ವಿಷಯ ಗೊತ್ತಿರೋನೇ. ಆದರೆ ಹೊಟ್ಟೆಕಿಚ್ಚು ನೋಡು. ಇಷ್ಟು ದ್ವೇಷ ಇಟ್ಕೊಂಡು ಬರೆಯೋನು ಯಾರು ಅಂತ ನಾನು ಊಹೆ ಮಾಡಿದೀನಿ.”

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಅಂಗಿಯ ಕಾಲರಿಗೆ ಹೋಯಿತು.

“ಯಾರು ಸರ್?”

“ಇನ್ಯಾರು, ನಿನ್ನ ಪಕ್ಕದ ಕೋಣೆ ಕೊಕ್ಕರೆ.”

ಕೊಕ್ಕರೆ ಎಂದರೆ ಉದ್ದ ಕಾಲಿನ ಸಹೋದ್ಯೋಗಿ. ವಿದ್ಯಾರ್ಥಿಗಳು ಇಟ್ಟ ಹೆಸರು, ಈಗ ಎಲ್ಲರ ಬಾಯಲ್ಲೂ ಇತ್ತು.

“ಅವನಲ್ಲ ಸರ್.”

“ನಿನಗೆ ಹೇಗೆ ಗೊತ್ತು?”

“ಅವನಿಗೆ... ಇಷ್ಟು ತಾಳ್ಮೆ ಇಲ್ಲ.”

“ಒಳ್ಳೆಯವನು ಕಣಯ್ಯ ನೀನು. ಅದೇ ನಿನ್ನ ಕಷ್ಟ.” ಮುಖ್ಯಸ್ಥರು ಕನ್ನಡಕ ಒರೆಸಿದರು. “ನಿಯಮದಲ್ಲಿ ಅರ್ಜಿದಾರನಿಗೆ ಉತ್ತರ ಕೊಡೋ ಹಕ್ಕಿದೆ. ಒಂದು ಪುಟ ಬರಿ. ಐದಕ್ಕೆ ಸಮಿತಿ. ಅಷ್ಟರೊಳಗೆ ನನಗೆ ಕಳಿಸು, ಮಿಕ್ಕಿದ್ದು ನಾನು ನೋಡ್ಕೋತೀನಿ. ಉತ್ತರ ಬರಲಿಲ್ಲ ಅಂದ್ರೆ ಮಾತ್ರ ನನ್ನ ಕೈ ಕಟ್ಟಿದ ಹಾಗೆ. ಅರ್ಜಿದಾರ ಟೀಕೆ ಒಪ್ಕೊಂಡ ಅಂತಲೇ ಲೆಕ್ಕ.”

ಹೊರಗೆ ಕಾಫಿ ಯಂತ್ರದ ಹತ್ತಿರ ಕೊಕ್ಕರೆಯೇ ನಿಂತಿದ್ದ. ಸುತ್ತ ನೋಡಿ, ಬಗ್ಗಿ, ಕಿವಿಯಲ್ಲಿ ಹೇಳಿದ:

“ಹತ್ತಕ್ಕೆ ಹತ್ತು ಕೊಟ್ಟಿದೀನಿ ಕಣೋ. ಪಾರ್ಟಿ ಯಾವಾಗ?”

“ನನ್ನದು ಅಂತ ಹೇಗೆ ಗೊತ್ತಾಯ್ತು?”

“ಚಪ್ಪಲಿ! ಆ ದರಿದ್ರ ಚಪ್ಪಲಿ ಇಡೀ ವಿಭಾಗಕ್ಕೆ ಗೊತ್ತು. ಹೊಸಾದು ತಗೊಳ್ಳೋ, ದುಡ್ಡು ಬರುತ್ತಲ್ಲ.”

“ಓದಿದೆಯಾ?”

“ಏನನ್ನ?”

“ಅರ್ಜಿ.”

“ಚಪ್ಪಲಿ ನೋಡಿದ ಮೇಲೆ ಓದೋದೇನು?” ಕೊಕ್ಕರೆಗೆ ನಿಜವಾಗಿ ಬೇಸರವಾಯಿತು. “ನಿನ್ನ ಮೇಲೆ ನನಗೆ ಅಷ್ಟೂ ನಂಬಿಕೆ ಇಲ್ವಾ? ಮುಂದಿನ ಸಲ ನನ್ನದು ಬಂದಾಗ ನೀನು ಓದ್ತಾ ಕೂರಬೇಡ ಮತ್ತೆ.”

ಮುಖ್ಯಸ್ಥರು ಸಹಿ ಮಾಡುವಾಗ ಓದಿರಲಿಲ್ಲ. ಅವರೇ ಆಗಾಗ ಹೇಳುತ್ತಿದ್ದರು, ನಾನು ಹುಡುಗರನ್ನ ನಂಬ್ತೀನಿ, ಕಾಗದಾನಲ್ಲ, ಎಂದು. ತಿದ್ದುವವಳು ವಾಕ್ಯಗಳನ್ನು ಓದಿದ್ದಳು. ಕಚೇರಿಯವರು ಹೆಸರು ಓದಿ ಅಳಿಸಿದ್ದರು. ಕೋಣೆಗೆ ಬಂದು ಕುಳಿತು ಲೆಕ್ಕ ಹಾಕಿದಾಗ, ಈ ಲೋಕದಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಓದಿದವನು ಒಬ್ಬನೇ, ಆ ಕಟುಕ.

ಅವನು ಕಟುಕನಿಗೆ ಉತ್ತರ ಬರೆಯಲು ಕುಳಿತ.

ಮೊದಲ ಸಾಲು ಜಗಳದಂತೆ ಬಂತು. ಎರಡನೆಯದರಲ್ಲಿ ಜಗಳ ಸಡಿಲವಾಯಿತು. ಆಮೇಲೆ, ಬಹಳ ದಿನದಿಂದ ಕೇಳುವವರಿಲ್ಲದೆ ಕುಳಿತಿದ್ದವನಿಗೆ ಒಬ್ಬ ಕಿವಿ ಕೊಟ್ಟಂತೆ, ಮಾತು ತಾನಾಗಿ ಹರಿಯಿತು. ಮಾವ ಬಂದ, ಜೋಳದ ನಡುವಿನ ಗಿಡ್ಡ ಗೆರೆ ಬಂತು. ಪಾದಗಳು ಹೋದ ಮೇಲೂ ಮಣ್ಣಿನೊಳಗೆ ಅವುಗಳ ಭಾರ ಎಲ್ಲಿ ಕುಳಿತಿರುತ್ತದೆ, ನೀರಿನ ದಾರಿ ಎಲ್ಲಿ ಮುಚ್ಚುತ್ತದೆ, ಎರೆಹುಳು ಅದನ್ನು ಸುತ್ತಿಕೊಂಡು ಯಾಕೆ ಹೋಗುತ್ತದೆ, ತೆರೆಯಬೇಕಾದರೆ ಮೊದಲು ಎಲ್ಲಿ ಅಗೆದು ನೋಡಬೇಕು ಎಂದು ಬರೆದ. ತನಗೆ ಇದೆಲ್ಲ ಗೊತ್ತಿತ್ತೆಂದೇ ಅವನಿಗೆ ಗೊತ್ತಿರಲಿಲ್ಲ. ಪುಟ ಮುಗಿಯಿತು. ಓದಿ ನೋಡಿದ. ಇದಕ್ಕೆ ಎರಡನೆಯ ಪರಿಶೀಲಕ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದ.

ಕಳಿಸಬೇಕು, ಅಷ್ಟೆ.

ಕಳಿಸಿದರೆ ಹಣ ಬರುತ್ತದೆ, ಖಾಯಂ ಆಗುತ್ತದೆ, ಹೆಂಡತಿ ಮಗಳು ಪೆಟ್ಟಿಗೆ ಸಮೇತ ಬಂದಿಳಿಯುತ್ತಾರೆ. ಬೆಳಗಾದರೆ ಹೊಲಕ್ಕೆ ಹೋಗಿ ಅಗೆಯಬೇಕು. ಅಗೆದು ಏನೂ ಸಿಗದೆ ಹೋದರೆ, ಆಗ ದೂರಲು ತಿದ್ದುವವಳೂ ಇರುವುದಿಲ್ಲ, ಸಮಿತಿಯೂ ಇರುವುದಿಲ್ಲ.

ಬೆರಳು ಗುಂಡಿಯ ಮೇಲಿತ್ತು. ಅವನು ಅದನ್ನು ಮೆಲ್ಲಗೆ ತೆಗೆದ. ಎದ್ದು, ಅಂಗಿ ಸರಿಮಾಡಿಕೊಂಡು, ಒಂದು ಸುತ್ತು ಗಾಳಿ ಸೇವಿಸಿ ಬಂದು ಕಳಿಸಿದರಾಯಿತು ಎಂದು ಹೊರಟ. ಮೆಟ್ಟಿಲು ಇಳಿಯುವಾಗ ಮತ್ತೆ ಅದೇ ಹಗುರ. ಬಸ್ಸು ತಪ್ಪಿಸಿಕೊಂಡವನು, ಇನ್ನು ಓಡಬೇಕಾಗಿಲ್ಲವಲ್ಲ ಎಂದು ನಿಲ್ದಾಣದಲ್ಲಿ ಕಾಲು ಚಾಚುವಾಗಿನ ಸುಖ. ಬಸ್ಸು ಇನ್ನೂ ಹೊರಟಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಗೇಟಿನ ಎದುರು ಕ್ಷೌರದಂಗಡಿ ಖಾಲಿ ಇತ್ತು. ಕ್ಷೌರಿಕ ಬಾಗಿಲಲ್ಲಿ ನಿಂತು ಕತ್ತರಿ ಆಡಿಸುತ್ತಿದ್ದ.

“ಬನ್ನಿ ಸರ್, ಬನ್ನಿ. ಏನು ಸರ್ ಇದು, ತಲೆಯೋ ಪೊದೆಯೋ?”

ಅವನು ಒಳಗೆ ಹೋಗಿ ಕುಳಿತುಬಿಟ್ಟ. ಬಿಳಿಯ ಬಟ್ಟೆ ಗಾಳಿಯಲ್ಲಿ ಹರಡಿ ಮೈಮೇಲೆ ಇಳಿಯಿತು. ಕ್ಷೌರಿಕ ಅದನ್ನು ಕುತ್ತಿಗೆಗೆ ಬಿಗಿಯಾಗಿ ಕಟ್ಟಿದ. ಎರಡೂ ಕೈ ಒಳಗೆ ಸೇರಿಕೊಂಡವು. ಕನ್ನಡಿಯಲ್ಲಿ, ಒಗೆದು ಹರವಿದ ಬಟ್ಟೆಯ ಮೇಲೆ ಯಾರೋ ಒಂದು ತಲೆಯನ್ನು ತಂದಿಟ್ಟು ಹೋದಂತೆ ಕಾಣುತ್ತಿತ್ತು.

“ಹೇಗೆ ಮಾಡ್ಲಿ ಸರ್?”

“ನಿಮಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ.”

“ಇದು ಚೆನ್ನಾಗಿದೆ. ಬೇರೆಯವರು ಜೀವ ತಿಂತಾರೆ.”

ಕತ್ತರಿ ಕಿಚಕಿಚ ಎನ್ನತೊಡಗಿತು. ಅವನು ಕಣ್ಣು ಮುಚ್ಚಿದ. ಕೂದಲು ಬಿದ್ದಂತೆಲ್ಲ ತಲೆ ತಣ್ಣಗಾಗುತ್ತಿತ್ತು.

ಜೇಬಿನಲ್ಲಿ ಫೋನು ನಡುಗಿತು. ಮುಖ್ಯಸ್ಥರಿರಬಹುದು. ಹೆಂಡತಿಯಿರಬಹುದು. ತೊಡೆಗೆ ಒತ್ತಿಕೊಂಡು ಅದು ಹಿಡಿದ ಮೀನಿನಂತೆ ಒದ್ದಾಡಿತು, ನಿಂತಿತು, ಮತ್ತೆ ಒದ್ದಾಡಿತು.

“ಫೋನು ಸರ್. ತಗೊಳ್ಳಿ, ನಾನು ನಿಲ್ಲಿಸ್ತೀನಿ.”

“ಪರವಾಗಿಲ್ಲ. ಕೈ ಒಳಗಿದೆ.”

“ಬಟ್ಟೆ ಎತ್ತಿ ಕೊಡ್ಲಾ?”

“ಬೇಡ.”

ಗೋಡೆಯ ಗಡಿಯಾರ ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುತ್ತಿತ್ತು. ಐದಕ್ಕೆ ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ ತಿಳಿಯಲಿಲ್ಲ. ಕ್ಷೌರಿಕ ಕತ್ತರಿ ಇಟ್ಟು ಸಣ್ಣ ಕನ್ನಡಿಯೊಂದನ್ನು ಅವನ ತಲೆಯ ಹಿಂದೆ ಹಿಡಿದ. ಎದುರಿನ ಕನ್ನಡಿಯೊಳಗೆ ಒಂದು ಹೆಡತಲೆ ಮೂಡಿತು. ಬೆಳ್ಳಗೆ, ತೆಳ್ಳಗೆ, ನಡುವೆ ಒಂದು ಗುಳಿ. ಬಗ್ಗಿಸಿದ್ದು ಹಾಗೇ ಬಗ್ಗಿಕೊಂಡೇ ಇತ್ತು. ಯಾರದೆಂದು ಅವನು ಕೇಳಲಿಲ್ಲ.

“ಸಾಕಾ ಸರ್?”

ಬಟ್ಟೆಯ ಕೆಳಗೆ ಫೋನು ಮತ್ತೆ ನಡುಗತೊಡಗಿತು. ಅವನು ಆ ಕುತ್ತಿಗೆಯನ್ನು, ಯಾವ ಪಕ್ಷಪಾತವೂ ಇಲ್ಲದೆ, ಸಾವಧಾನವಾಗಿ ನೋಡಿದ.

“ಇನ್ನೂ ಸ್ವಲ್ಪ ತೆಗೀರಿ,” ಎಂದ.