ಕೊನೆ ಹರಿದುಹೋದ ಸಿನಿಮಾ

ನನ್ನ ಚಿಕ್ಕಮ್ಮ ಅರಬಾ ಎಸೆಲ್ ಜೀವಮಾನದಲ್ಲಿ ಒಂದೇ ಒಂದು ಸಿನಿಮಾದಲ್ಲಿ ನಟಿಸಿದ್ದಳು. ಮನೆಯಲ್ಲಿ ಅದರ ಮಾತೆತ್ತುವಂತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿಬಿಟ್ಟಿದ್ದೆ. ಜೋಳದ ಹಿಟ್ಟಿನ ಉಂಡೆ ಕೆಂಕೆಯ ಮೇಲಿನ ಸಿಪ್ಪೆ ಬಿಡಿಸುತ್ತಿದ್ದ ಚಿಕ್ಕಮ್ಮ ಅದನ್ನು ಹಾಗೆಯೇ ತಟ್ಟೆಯಲ್ಲಿಟ್ಟು ಎದ್ದು ಹೋದಳು. ಅಮ್ಮ ನನ್ನ ತೊಡೆ ಚಿವುಟಿದಳು.

ಸಿನಿಮಾದ ಹೆಸರು ‘ಸಮುದ್ರದ ಸವತಿ’. ನಮ್ಮ ಕಡಲೂರು ಸೆಕೊಂಡಿಯಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಿದ್ದ ಕೋಬಿನಾ ಆರ್ಥರ್ ಎಂಬಾತ ಅದನ್ನು ಹನ್ನೊಂದು ದಿನದಲ್ಲಿ ತೆಗೆದಿದ್ದ. ಕಡಲರಾಣಿ ಒಬ್ಬ ಮೀನುಗಾರನನ್ನು ಮೋಹಿಸಿ ನೀರೊಳಗೆ ಎಳೆದುಕೊಳ್ಳುತ್ತಾಳೆ. ಅವನ ಹೆಂಡತಿ ಮಾನ್ಸಾ ಮರದ ಸೌಟು ಹಿಡಿದು ಗಂಡನನ್ನು ಮರಳಿ ಕೇಳಲು ಸಮುದ್ರಕ್ಕೆ ಹೋಗುತ್ತಾಳೆ. ಇಷ್ಟೇ ಕತೆ. ಕಡಲರಾಣಿಯ ವೇಷ ಹಾಕಿದ್ದು ಕೋಬಿನಾನ ಅಣ್ಣ. ಹಳೇ ಬಲೆಯೇ ಕೂದಲು, ಎರಡು ಟಾರ್ಚ್ ಬಲ್ಬುಗಳೇ ಕಣ್ಣು, ಬೆನ್ನ ಹಿಂದೆ ನೇತಾಡುವ ವೈರು. ಮಾನ್ಸಾ ಅಳುವ ದೃಶ್ಯದಲ್ಲಿ ಎಲ್ಲಿಂದಲೋ ಒಂದು ಆಡು ನುಗ್ಗಿತು. ಮತ್ತೆ ತೆಗೆಯಲು ಟೇಪು ಸಾಲದು. ಮಾನ್ಸಾ ಆಗಿದ್ದ ಇಪ್ಪತ್ತೆರಡು ವರ್ಷದ ಚಿಕ್ಕಮ್ಮ ಅಳುವುದನ್ನು ನಿಲ್ಲಿಸದೆ ಆಡಿನ ಕೊರಳು ತಬ್ಬಿ, “ನೀನಾದರೂ ಕೂತ್ಕೋ, ಮನೇಲಿ ಯಾರೂ ಇಲ್ಲ” ಅಂದುಬಿಟ್ಟಳು.

ಮೊದಲ ಪ್ರದರ್ಶನದಲ್ಲಿ ಸೆಕೊಂಡಿಯ ಜನ ಬಿದ್ದು ಬಿದ್ದು ನಕ್ಕರು. ಆಡು ಬಂದಾಗ ಬೆಂಚಿನ ಮೇಲೆ ಹತ್ತಿ ಅರಚಿದರು. ಚಿಕ್ಕಮ್ಮನಿಗೆ ಗೊತ್ತುಮಾಡಿದ್ದ ಗಂಡಿನ ಮನೆಯವರೂ ಅಂದು ಬಂದಿದ್ದರು. “ಆಡಿನ ಹತ್ರ ಸಂಸಾರ ಹೇಳ್ಕೊಳ್ಳೋ ಸೊಸೆ ನಮಗೆ ಬೇಡ” ಎಂದು ಮಾರನೆಯ ದಿನವೇ ಹೇಳಿ ಕಳಿಸಿದರು. ಎರಡನೆಯ ಪ್ರದರ್ಶನ ನಡೆಯಲಿಲ್ಲ. ಕೋಬಿನಾ ಸಿನಿಮಾದ ನಾಲ್ಕಾರು ಟೇಪುಗಳನ್ನು ಯಾರಿಗೋ ಕೊಟ್ಟು, ಗಡಿ ದಾಟಿ ಅಬಿಜಾನಿಗೆ ಹೋದ. ಎರಡು ವರ್ಷಕ್ಕೆ ಅಲ್ಲಿಯೇ ಜ್ವರ ಬಂದು ತೀರಿಹೋದ. ಚಿಕ್ಕಮ್ಮ ಮಣ್ಣಿನ ಒಲೆ ಕಟ್ಟಿಸಿ ಬ್ರೆಡ್ಡು ಸುಡಲು ಕೂತವಳು ಮದುವೆಯ ಯೋಚನೆಯನ್ನೇ ಮಾಡಲಿಲ್ಲ.

ಇಪ್ಪತ್ಮೂರು ವರ್ಷ ಹೀಗೇ ಕಳೆಯಿತು. ಒಂದು ಶನಿವಾರ ಬೆಳಿಗ್ಗೆ, ಶಾಲೆಗೆ ರಜೆ ಇದ್ದುದರಿಂದ ನಾನೂ ಅಂಗಡಿಯಲ್ಲಿದ್ದೆ. ಹೊರ ಊರಿನ ಮೀನು ವ್ಯಾಪಾರಿ ಹೆಂಗಸೊಬ್ಬಳು ಬ್ರೆಡ್ಡುಗಳನ್ನು ಒಂದೊಂದಾಗಿ ಹಿಸುಕಿ ನೋಡುತ್ತಿದ್ದಳು.

“ಅದೇನು ಮಗುವಿನ ಕೆನ್ನೆಯಾ? ಕೈ ತೆಗಿ” ಎಂದು ಚಿಕ್ಕಮ್ಮ ಒಳಗಿನಿಂದಲೇ ಗದರಿದಳು.

ಹೆಂಗಸಿನ ಕೈ ನಿಂತುಹೋಯಿತು. “ಇನ್ನೊಂದ್ಸಲ ಬಯ್ರಿ, ಮಾಮೆ” ಅಂದಳು, ಅಮ್ಮಾ ಎಂದು ಕರೆಯುವಂತೆ. ಚಿಕ್ಕಮ್ಮ ಹೊರಗೆ ಬಂದಳು. ಹೆಂಗಸು ಅವಳ ಮುಖವನ್ನೇ ನೋಡುತ್ತ, ತುಂಬ ಮೆಲ್ಲಗೆ, “ನೀನಾದರೂ ಕೂತ್ಕೋ, ಮನೇಲಿ ಯಾರೂ ಇಲ್ಲ” ಎಂದಳು.

ಚಿಕ್ಕಮ್ಮ ಬ್ರೆಡ್ಡಿನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. “ತಮಾಷೆ ಮಾಡೋಕೆ ಇಷ್ಟು ದೂರ ಬಂದ್ಯಾ?”

“ತಮಾಷೆ ಅಲ್ಲ. ನನ್ನ ಹೆಸರು ಕ್ರಾಬಾ, ಅಪಾಮಿನವಳು. ನಮ್ಮೂರಲ್ಲಿ ಪ್ರತಿ ಮಂಗಳವಾರ ನಿಮ್ಮ ಸಿನಿಮಾ ಹಾಕ್ತಾರೆ. ನಾನು ಎಂಟು ವರ್ಷದವಳಿದ್ದಾಗಿಂದ ನೋಡ್ತಿದೀನಿ. ನೀವು ಇಲ್ಲಿ ಬ್ರೆಡ್ ಮಾರ್ಕೊಂಡಿದೀರಾ? ಸಮುದ್ರಕ್ಕೆ ಹೋದೋಳು ವಾಪಸ್ ಬರಲೇ ಇಲ್ಲ ಅಂತ ಅಲ್ಲಿ ಎಲ್ರೂ ತಿಳ್ಕೊಂಡಿದಾರೆ.”

“ಪ್ರತಿ ಮಂಗಳವಾರ ನಗೋಕೆ ಅಷ್ಟೊಂದು ಏನಿದೆ ಅದರಲ್ಲಿ?”

ಕ್ರಾಬಾ “ಬಂದು ನೋಡಿ” ಎಂದಷ್ಟೇ ಹೇಳಿ, ಹಿಸುಕಿದ್ದ ಬ್ರೆಡ್ಡುಗಳನ್ನೆಲ್ಲ ಕೊಂಡುಕೊಂಡು ಹೋದಳು.

ಮೂರು ವಾರ ಚಿಕ್ಕಮ್ಮ ಆ ವಿಷಯ ಎತ್ತಲಿಲ್ಲ. ಒಂದು ಸೋಮವಾರ ಸಂಜೆ ಹಿಟ್ಟು ನಾದುತ್ತ ನಾದುತ್ತ ನನ್ನ ಹೆಸರು ಹಿಡಿದು ಕರೆದು, “ಅಬಾ, ನಾಳೆ ಸ್ಕೂಲಿಗೆ ರಜೆ ಹಾಕು” ಅಂದಳು. ಮಂಗಳವಾರ ನಸುಕಿನಲ್ಲಿ ಟ್ರೋಟ್ರೋ ವ್ಯಾನು ಹತ್ತಿದಾಗ ಅವಳ ಮಡಿಲಿನ ಚೀಲದಲ್ಲಿ ಒಂದು ಟೇಪಿತ್ತು. ಅವಳ ಬಳಿ ಆ ಸಿನಿಮಾದ ಪ್ರತಿಯಿದೆ ಎಂಬುದೇ ನಮಗಾರಿಗೂ ಗೊತ್ತಿರಲಿಲ್ಲ.

ಮಂಗಳವಾರ ನಮ್ಮ ಕರಾವಳಿಯಲ್ಲಿ ಯಾರೂ ಬಲೆ ಬೀಸುವುದಿಲ್ಲ; ಸಮುದ್ರಕ್ಕೆ ಅದು ಬಿಡುವಿನ ದಿನ. ಅಪಾಮಿನ ದೋಣಿಗಳೆಲ್ಲ ದಡದಲ್ಲಿ ಮಲಗಿದ್ದವು. ದಡದಲ್ಲಿದ್ದ ಕ್ರಾಬಾ ನಮ್ಮನ್ನು ಕಂಡು ಎದ್ದು ಬಂದಳು. “ಯಾರಿಗೂ ಹೇಳಬೇಡ” ಎಂದು ಚಿಕ್ಕಮ್ಮ ಮೊದಲೇ ಮಾತು ತೆಗೆದುಕೊಂಡು, ತಲೆಗೆ ಬಟ್ಟೆಯನ್ನು ಹಣೆಯ ತನಕ ಬಿಗಿದುಕೊಂಡಳು.

ವಿಡಿಯೊ ಹಾಲ್ ಅಂದರೆ ತಗಡಿನ ಮಾಡಿನ ಒಂದು ಉದ್ದನೆಯ ಕೊಟ್ಟಿಗೆ. ಮಧ್ಯಾಹ್ನ ಮೂರಕ್ಕೆಲ್ಲ ಅದು ತುಂಬಿಹೋಗಿತ್ತು. ಬಲೆ ಹೆಣೆದು ಗಟ್ಟಿಯಾದ ಕೈಗಳ ಗಂಡಸರು, ಮೀನು ಸುಡುವ ಹೊಗೆ ಮೈಗಂಟಿದ ಹೆಂಗಸರು, ಮಕ್ಕಳು, ಗೋಡೆಗೊರಗಿದ ಮುದುಕರು. ಹೆಚ್ಚುಕಡಿಮೆ ಎಲ್ಲ ಹೆಂಗಸರ ಕೈಯಲ್ಲೂ ಒಂದೊಂದು ಮರದ ಸೌಟು. ಚಿಕ್ಕಮ್ಮ ಅದನ್ನು ಕಂಡು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

ಹಾಲ್‌ ನಡೆಸುವ ಮುದುಕರ ಹೆಸರು ಯೋರ್ಕ್. ಊರಿಗೆಲ್ಲ ಅವರು ವೋಫಾ, ಸೋದರಮಾವ. ಅವರು ಟೀವಿಯ ಮೇಲಿನ ಬಟ್ಟೆ ಸರಿಸಿದ ಕೂಡಲೇ ಗದ್ದಲ ಅಡಗಿತು.

ಮುಂದಿನದನ್ನು ಹೇಗೆ ಹೇಳಬೇಕೋ ನನಗೆ ಇಂದಿಗೂ ತಿಳಿಯದು. ಪರದೆಯ ಮೇಲಿದ್ದವರು ಬಾಯಿ ತೆರೆಯುವ ಮೊದಲೇ ಇನ್ನೂರು ಜನ ಆ ಮಾತು ಆಡಿರುತ್ತಿದ್ದರು. ಗಂಡನ ಮಾತು ಗಂಡಸರ ಪಾಲು, ಮಾನ್ಸಾಳದ್ದು ಹೆಂಗಸರ ಪಾಲು. ಕಡಲರಾಣಿಯ ವೈರು ಕಂಡಾಗ ಎಲ್ಲರೂ ಕೈಯಿಂದ ಒಂದು ಕಣ್ಣು ಮುಚ್ಚಿಕೊಂಡು, “ರಾಣಿಯ ಬೆನ್ನು ನೋಡಬಾರದು” ಎಂದರು. ಮಕ್ಕಳು ಮಾತ್ರ ಬೆರಳ ಸಂದಿಯಿಂದ ನೋಡಿ ಕಿಸಿಕಿಸಿ ನಕ್ಕರು. ದೃಶ್ಯವೊಂದರಲ್ಲಿ ಹಿಂದಿನ ರಸ್ತೆಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. “ಹೋಗಿ ಬಾರಪ್ಪ” ಎಂದು ಇಡೀ ಹಾಲ್‌ ಅವನನ್ನು ಬೀಳ್ಕೊಟ್ಟಿತು.

ಆಮೇಲೆ ಅಳುವ ದೃಶ್ಯ ಬಂತು. ಚಿಕ್ಕಮ್ಮ ಕಣ್ಣು ಮುಚ್ಚಿದಳು. ಅವಳ ಉಗುರು ನನ್ನ ಕೈಗೆ ನಾಟುತ್ತಿತ್ತು. ಆಡು ಬಂತು.

ಯಾರೂ ನಗಲಿಲ್ಲ. ಬೆಂಚುಗಳು ಕಿರುಗುಟ್ಟಿದವು; ಚಿಕ್ಕಮ್ಮ ಕಣ್ಣು ಬಿಟ್ಟು ನೋಡಿದರೆ ಎಲ್ಲರೂ ಎದ್ದು ನಿಂತಿದ್ದಾರೆ. ಇನ್ನೂರು ಜನ, ಮಗುವನ್ನು ಮಲಗಿಸುವಾಗಿನಷ್ಟು ಸಣ್ಣ ದನಿಯಲ್ಲಿ, ಒಟ್ಟಿಗೆ ಅಂದರು: “ನೀನಾದರೂ ಕೂತ್ಕೋ, ಮನೇಲಿ ಯಾರೂ ಇಲ್ಲ.” ಮುಂದಿನ ಸಾಲಿನ ಒಬ್ಬ ದೈತ್ಯನಂಥ ಮೀನುಗಾರ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ.

ಕೊನೆಗೆ ಮಾನ್ಸಾ ಸೌಟು ಹಿಡಿದು ನೀರಿಗೆ ಇಳಿದಳು. ಮೊಣಕಾಲು ಮಟ್ಟಕ್ಕೆ ಬಂದು, ಸಮುದ್ರದತ್ತ ಮುಖವೆತ್ತಿ, ಬಾಯಿ ತೆರೆದಳು. ಚಿತ್ರ ಅಲ್ಲೇ ಅಡ್ಡಡ್ಡ ಗೆರೆಗಳಾಗಿ ಹರಿದು ಹೋಯಿತು. ಬರೀ ನೀಲಿ ಪರದೆ. ಸಿನಿಮಾ ಇನ್ನೂ ಕಾಲು ಗಂಟೆ ಇರಬೇಕಿತ್ತು.

“ಮೆಷಿನ್ ಟೇಪ್ ನುಂಗಿಬಿಟ್ಟಿದೆ” ಎಂದು ಚಿಕ್ಕಮ್ಮ ಪಿಸುಗುಟ್ಟಿ ಚೀಲಕ್ಕೆ ಕೈ ಹಾಕಿದಳು. ಆದರೆ ಯಾರೂ ಗಲಾಟೆ ಮಾಡಲಿಲ್ಲ. ಒಬ್ಬರ ಹಿಂದೊಬ್ಬರು ಹೊರಗೆ ನಡೆದರು. ನಾವೂ ಹಿಂಬಾಲಿಸಿದೆವು. ಬಿಸಿಲು ಇನ್ನೂ ಚುರುಕಾಗಿತ್ತು. ಜನ ದೋಣಿಗಳ ನಡುವೆ ಹಾದು ದಡದಲ್ಲಿ ಸಾಲಾಗಿ ನಿಂತರು. ಇಪ್ಪತ್ತು ದಾಟಿರದ ಒಬ್ಬಳು ಹುಡುಗಿ ಸೌಟು ಹಿಡಿದು ಒಬ್ಬಳೇ ನೀರಿಗಿಳಿದಳು.

“ಕುಕುವಾ” ಎಂದು ಕ್ರಾಬಾ ಕಿವಿಯಲ್ಲಿ ಹೇಳಿದಳು. “ಗಂಡ ಹೋಗಿ ಏಳು ವಾರ ಆಯ್ತು. ದೋಣಿ ಸಿಕ್ತು, ಅವನು ಸಿಗಲಿಲ್ಲ.”

ಕುಕುವಾ ಮೊಣಕಾಲು ಮಟ್ಟದಲ್ಲಿ ನಿಂತಳು. ಯಾರೂ ಅವಸರಪಡಿಸಲಿಲ್ಲ. ಕೊನೆಗೆ ಸಮುದ್ರಕ್ಕೆ ಹೇಳಿದಳು:

“ಅಕ್ಕಾ. ಇಟ್ಕೊಂಡಿದೀಯ, ಇಟ್ಕೋ. ಜಗಳಕ್ಕೆ ಬಂದಿಲ್ಲ ನಾನು. ಅವನಿಗೆ ಎಡಗಡೆ ದವಡೆ ಹಲ್ಲು ನೋಯ್ತಿತ್ತು. ಹೇಳ್ಕೊಳ್ಳಲ್ಲ ಅವನು, ಕೇಳಿದ್ರೂ ಇಲ್ಲ ಅಂತಾನೆ. ನೀನೇ ನೋಡ್ಕೋಬೇಕು.”

ಸೌಟಿನಿಂದ ನೀರಿಗೆ ಒಂದು ಏಟು ಕೊಟ್ಟಳು. ದಡದ ಹೆಂಗಸರೆಲ್ಲ ಇಳಿದು ಹೋಗಿ ಸೌಟಿನಿಂದ ನೀರನ್ನು ಬಡಿದರು, ಸದ್ದು ಗುಡ್ಡದ ಮೇಲಿನ ಹಳೇ ಕೋಟೆಯ ಗೋಡೆಗೆ ತಾಗಿ ಮರಳುವ ಹಾಗೆ. ಆಮೇಲೆ ಕುಕುವಾಳನ್ನು ನಡುವೆ ಮಾಡಿಕೊಂಡು ಮೇಲೆ ಬಂದರು.

ಚಿಕ್ಕಮ್ಮ ಒಂದು ದೋಣಿಯ ಅಂಚಿನ ಮೇಲೆ ಕುಸಿದು ಕೂತಿದ್ದಳು. ಜನ ಚದುರಿದ ಮೇಲೆ ವೋಫಾ ಯೋರ್ಕ್ ಒಬ್ಬ ಮುದುಕಿಯ ಜೊತೆ ನಮ್ಮತ್ತ ಬಂದರು.

“ಕ್ರಾಬಾ ಏನೂ ಹೇಳಲಿಲ್ಲ. ಆದ್ರೆ ಸಾವಿರ ಸಲ ನೋಡಿದ ಮುಖ ಅಲ್ವಾ” ಅಂದರು. “ಇವರು ಒಟುವಾ ಅಜ್ಜಿ. ವರ್ಷಗಳ ಹಿಂದೆ ಮೆಷಿನ್ ಟೇಪ್ ನುಂಗಿದ್ದು, ಇವರ ಗಂಡ, ಮಗ, ಇನ್ನೂ ಒಂಬತ್ತು ಜನ ಒಂದೇ ದೋಣೀಲಿ ಮುಳುಗಿ ಸತ್ತ ವಾರಾನೇ. ಅವತ್ತು ಪರದೆ ನೀಲಿ ಆಯ್ತು. ನಾನು ಬಯ್ಕೊಂಡು ಸ್ಕ್ರೂಡ್ರೈವರ್ ಹುಡುಕ್ತಿದ್ದೆ. ಅಜ್ಜಿ ಎದ್ದು ಸೀದಾ ನೀರಿಗೆ ನಡೆದ್ರು. ಮಿಕ್ಕಿದ್ದನ್ನ ಅವರೇ ಹೇಳಿದ್ರು.”

“ಇದಕ್ಕಿಂತ ಚೆನ್ನಾಗಿರೋ ಸಿನಿಮಾ ಎಷ್ಟಿಲ್ಲ ಹೇಳಿ” ಎಂದಳು ಚಿಕ್ಕಮ್ಮ. “ಇದೇ ಯಾಕೆ?”

“ಚೆನ್ನಾಗಿರೋವು ಬೇಕಾದಷ್ಟು ತಂದು ಹಾಕಿದೆ, ಮಾಮೆ. ಎರಡು ವಾರ ನೋಡಿದ್ರು, ಬಿಟ್ರು. ಅದರಲ್ಲಿ ಎಲ್ಲಾ ಅವರೇ ಮಾಡಿ ಮುಗಿಸಿರ್ತಾರೆ, ನಮಗೆ ಕೆಲಸ ಇಲ್ಲ. ನಿಮ್ಮದರಲ್ಲಿ ಎಲ್ಲಿ ನೋಡಿದ್ರೂ ತೂತು. ಆ ತೂತುಗಳಲ್ಲಿ ನಾವು ಹೊಕ್ಕು ಕೂತ್ವಿ.”

ಚಿಕ್ಕಮ್ಮ ಚೀಲದಿಂದ ಟೇಪು ತೆಗೆದಳು. “ಇದರಲ್ಲಿ ಪೂರ್ತಿ ಇದೆ.”

ಮುದುಕರ ಕೈ ತಾನಾಗಿಯೇ ಮುಂದೆ ಬಂತು, ನಡುವೆ ನಿಂತಿತು. ಅವರು ಅಜ್ಜಿಯ ಮುಖ ನೋಡಿದರು.

“ಕೊನೇಲಿ ಏನಾಗುತ್ತೆ?” ಎಂದರು ಒಟುವಾ ಅಜ್ಜಿ.

ಚಿಕ್ಕಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ರಾಣಿಗೆ ಸೌಟಲ್ಲಿ ಮೂರು ಬಾರಿಸ್ತೀನಿ. ಅವಳು ಸಾಯ್ತಾಳೆ. ಗಂಡ ಸೂಟು ಬೂಟು ಹಾಕ್ಕೊಂಡು ನೀರಿಂದ ಎದ್ದು ಬರ್ತಾನೆ. ಆಮೇಲೆ ಡ್ಯಾನ್ಸು.”

ಅಜ್ಜಿ ಕೇಳಿದರು: “ಸೂಟು ಒದ್ದೆ ಆಗಿತ್ತಾ?”

“ಇಲ್ಲ ಅಜ್ಜಿ. ಬಾಡಿಗೇದು. ಒದ್ದೆ ಮಾಡಬಾರದು ಅಂದಿದ್ರು.”

ಒಟುವಾ ಅಜ್ಜಿ ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕರು, ಚಿಕ್ಕಮ್ಮನಿಗೂ ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ಅಜ್ಜಿ ಟೇಪನ್ನು ಅವಳ ಚೀಲದೊಳಕ್ಕೇ ತಳ್ಳಿದರು. “ನಮ್ಮೂರಲ್ಲಿ ಯಾರೂ ಸೂಟ್ ಹಾಕ್ಕೊಂಡು ವಾಪಸ್ ಬರಲಿಲ್ಲ, ತಾಯಿ. ಇದು ನಿನ್ನ ಹತ್ರಾನೇ ಇರ್ಲಿ.”

ಚಿಕ್ಕಮ್ಮ ಸಮುದ್ರದ ಕಡೆ ನೋಡುತ್ತಿದ್ದಳು. “ಅಜ್ಜಿ, ಇದನ್ನ ತೆಗೆದೋನು ಕೋಬಿನಾ ಅಂತ. ನನ್ನನ್ನೂ ಅಬಿಜಾನಿಗೆ ಬಾ ಅಂದಿದ್ದ. ಸಿಟ್ಟಲ್ಲಿ ಹೋಗಲಿಲ್ಲ. ಅಲ್ಲೇ ಜ್ವರದಲ್ಲಿ ಹೋದ. ನೀರಲ್ಲಿ ಹೋದೋರಿಗೆ ಮಾತ್ರಾನಾ ಇದು?”

ಅದು ನಾವಾರೂ ಕೇಳಿರದ ಸಂಗತಿ. ಅಜ್ಜಿ ತಮ್ಮ ಸೌಟನ್ನು ಅವಳ ಕೈಗಿಟ್ಟು, “ಅಬಿಜಾನ್ ದಡಕ್ಕೂ ಇದೇ ನೀರು ತಾನೇ” ಎಂದರು.

ಚಪ್ಪಲಿ ಬಿಡುವುದನ್ನೂ ಮರೆತು ಚಿಕ್ಕಮ್ಮ ನೀರಿಗಿಳಿದಳು. ಮೊಣಕಾಲು ಮಟ್ಟಕ್ಕೆ ಹೋಗಿ, ಮುಖವೆತ್ತಿ, ಬಾಯಿ ತೆರೆದಳು. ಪರದೆಯ ಮೇಲಿನ ಆ ಹುಡುಗಿಯೇ ಅಲ್ಲಿ ನಿಂತಂತಿತ್ತು, ನಡು ದಪ್ಪವಾಗಿತ್ತು ಅಷ್ಟೇ. ಅವಳೇನು ಹೇಳಿದಳೋ ಗಾಳಿಗೆ ನಮಗೆ ಕೇಳಿಸಲಿಲ್ಲ. ನಾವು ಕೇಳಲು ಹೋಗಲೂ ಇಲ್ಲ.

ಈಗ ಅವಳು ತಿಂಗಳಿಗೊಮ್ಮೆಯಾದರೂ ಮಂಗಳವಾರ ಒಲೆ ಆರಿಸಿ ಅಪಾಮಿಗೆ ಹೋಗುತ್ತಾಳೆ. ತಾನು ಯಾರೆಂದು ಹೇಳಿಕೊಂಡಿಲ್ಲ. ತಿಳಿದ ಮೂವರೂ ಬಾಯಿ ಬಿಟ್ಟಿಲ್ಲ. ಕಳೆದ ಸಲ ನಾನೂ ಜೊತೆಗಿದ್ದೆ. ಇಪ್ಪತ್ಮೂರು ವರ್ಷ ಮರೆಯಲು ಹೆಣಗಿದವಳಿಗೆ ಸಂಭಾಷಣೆ ಸರಿಯಾಗಿ ನೆನಪಿಲ್ಲ. ಎಲ್ಲರೂ ಹೇಳಿ ಮುಗಿಸಿದ ಮೇಲೆ ಇವಳ ದನಿಯೊಂದೇ ಬಾಲದಂತೆ ಉಳಿಯುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೊನೆಗೂ ತಿರುಗಿ ನೋಡಿದಳು.

“ಮಾಮೆ, ಹೊಸಬರಾ? ಮಾತು ಕಲ್ತ್ಕೊಂಡು ಬರಬೇಕು. ಮಾನ್ಸಾಗೆ ಬೇಜಾರಾಗುತ್ತೆ.”

“ಆಗ್ಲಮ್ಮ, ಕಲ್ತ್ಕೋತೀನಿ” ಎಂದು ಚಿಕ್ಕಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು.