ದೊಡ್ಡ ಮಿಸ್ ಅವರ ಪಾಸ್‌ಪೋರ್ಟ್

ಹನ್ನೊಂದು ವರ್ಷ ನಾನು ಕೂತ ಕುರ್ಚಿಯನ್ನು ಒಂದು ಸೋಮವಾರ ಬೆಳಿಗ್ಗೆ ಎತ್ತಿಕೊಂಡು ಹೋದರು. ಆ ಜಾಗಕ್ಕೆ ಗಾಲಿ ಇರುವ, ತಿರುಗುವ ಕುರ್ಚಿ ಬಂತು. ನನಗೆ ಕೊನೆಯ ಸಾಲಿನಲ್ಲಿ ಮಕ್ಕಳು ಕೂರುವ ಪುಟ್ಟ ಸ್ಟೂಲು. ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

"ಫಾರಿನ್ ಟೀಚರ್ ಬರ್ತಿದ್ದಾರೆ. ಇನ್ಮೇಲೆ ಮೂರನೇ ಕ್ಲಾಸಿನ ಇಂಗ್ಲಿಷ್ ಅವರದು. ನೀವು ಹಿಂದೆ ಕೂತು ಮಕ್ಕಳನ್ನ ನೋಡ್ಕೊಳ್ಳಿ ಸಾಕು" ಎಂದರು ಶಾಲೆಯ ಮಾಲೀಕರು.

"ಸಾರ್, ನನ್ನಿಂದೇನು ತಪ್ಪಾಯ್ತು?"

"ತಪ್ಪೇನಿಲ್ಲಮ್ಮ. ನಿಮ್ಮ ಇಂಗ್ಲಿಷ್ ಸರಿಯಾಗೇ ಇದೆ. ಆದ್ರೆ ನೀವು ಮಾತಾಡಿದ್ರೆ ನಮ್ಮೂರಿನೋರು ಮಾತಾಡಿದ ಹಾಗೇ ಇರುತ್ತಲ್ಲ. ಪೇರೆಂಟ್ಸ್‌ಗೆ ಅದು ಬೇಡ."

ನಾನು ತಲೆಯಾಡಿಸಿದೆ. ನನ್ನ ಮಗಳು ಪುಟ್ಟಿ ಅದೇ ಮೂರನೇ ತರಗತಿಯಲ್ಲಿ ಫೀಸಿಲ್ಲದೆ ಓದುತ್ತಿದ್ದಳು. ಮಗಳನ್ನು ಅವರ ಬೆಂಚಿನ ಮೇಲೆ ಕೂರಿಸಿದ ತಾಯಿ ಬಾಯಿ ಬಿಡುವುದು ಹೇಗೆ? ತರಗತಿಯ ಮೂಲೆಯಲ್ಲೊಂದು ಕ್ಯಾಮರಾ ಇತ್ತು. ಅದರ ಕೆಂಪು ದೀಪ ಉರಿದರೆ ಮಾಲೀಕರು ತಮ್ಮ ಕೋಣೆಯಲ್ಲಿ ಕೂತು ನಮ್ಮನ್ನು ನೋಡುತ್ತಿದ್ದಾರೆ ಎಂದರ್ಥ. ಆ ದೀಪ ನೋಡಿ ನೋಡಿ ನಾನು ಕೆಮ್ಮಬೇಕಾದರೂ ಯೋಚನೆ ಮಾಡುತ್ತಿದ್ದೆ.

ಬಂದವಳು ಆರಡಿ ಹತ್ತಿರ ಎತ್ತರದ ಹೆಂಗಸು. ನಾವು ಭೂಪಟದಲ್ಲಿ ಮಾತ್ರ ನೋಡಿದ ಯಾವುದೋ ದೂರದ ದೇಶದವಳು. ಅವಳ ಮನೆಮಾತೇ ಇಂಗ್ಲಿಷು. ಬಣ್ಣ ಮಾತ್ರ ನನಗಿಂತ ಕಪ್ಪು. ಮಾಲೀಕರ ಮುಖ ಅವತ್ತೇ ಸಣ್ಣಗಾಯಿತು. ಅವಳನ್ನು ಗೊತ್ತುಮಾಡಿಕೊಟ್ಟ ಏಜೆಂಟು ಕಾಗದ ಕಳಿಸಿದ್ದ, ಫೋಟೋ ಕಳಿಸಿರಲಿಲ್ಲ.

ಅವಳ ಕೈಚೀಲ ಇನ್ನೂ ಹೆಗಲಲ್ಲೇ ಇತ್ತು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಪಾಸ್‌ಪೋರ್ಟ್ ಇಸ್ಕೊಳ್ಳಿ. ಜೋಪಾನವಾಗಿರುತ್ತೆ ಅನ್ನಿ. ಹೆಂಗಸು ಕೇಳಿದ್ರೆ ನಂಬ್ತಾರೆ."

ನಾನು ನಗುನಗುತ್ತಾ ಕೈಚಾಚಿದೆ. ಅವಳೂ ನಗುನಗುತ್ತಾ ಕೊಟ್ಟಳು. ಮಾಲೀಕರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡರು. ಮಾಡಿದವರು ಬೇರೆ ಯಾರೋ ಎಂದು ಈಗ ಹೇಳುವಂತಿಲ್ಲ. ಈ ಕೈಯೇ ಇಸಿದುಕೊಂಡದ್ದು.

ಮಕ್ಕಳು ಅವಳನ್ನು ದೊಡ್ಡ ಮಿಸ್ ಎಂದು ಕರೆದರು. ನಾನು ಚಿಕ್ಕ ಮಿಸ್ ಆದೆ. ನಿಜ ಹೇಳುತ್ತೇನೆ, ಮೊದಲ ವಾರ ನನಗೆ ಹೊಟ್ಟೆ ಉರಿಯಿತು. ಆದರೆ ಅವಳು ಎಷ್ಟು ಚೆನ್ನಾಗಿ ಪಾಠ ಮಾಡುತ್ತಿದ್ದಳೆಂದರೆ, ಬೆಂಚಿನ ಕೆಳಗೆ ಅಡಗಿ ಕೂರುತ್ತಿದ್ದ ಪುಟ್ಟಿ ಕೂಡ ಕೈಯೆತ್ತಿ ಮಾತಾಡತೊಡಗಿದಳು.

ತಿಂಗಳಾಗುವಷ್ಟರಲ್ಲಿ ದೂರು ಶುರುವಾಯಿತು. ಮೊದಲು ಬಂದವರು ಕಾರ್ ಶೋರೂಮಿನ ಯಜಮಾನರು, ಒಬ್ಬ ಹುಡುಗನ ತಂದೆ.

"ಫಾರಿನ್ ಅಂದ್ರಿ. ಇವರು ಟಿವಿಯಲ್ಲಿ ಬರೋ ಹಾಗೆ ಮಾತಾಡೋದೇ ಇಲ್ವಲ್ಲ? ನನ್ನ ಮಗ ಈಗ ಅವರ ಥರಾನೇ ರಾಗ ಎಳೀತಾನೆ. ನಾಳೆ ಇಂಟರ್‌ವ್ಯೂನಲ್ಲಿ ಎಲ್ರೂ ನಗಲ್ವಾ?"

ಮಗನಿಗೆ ಎಂಟು ವರ್ಷ. ಇಂಟರ್‌ವ್ಯೂ ಯಾವುದೋ ದೇವರೇ ಬಲ್ಲ.

ಮಾಲೀಕರು ಅದಕ್ಕೊಂದು ಮದ್ದು ಕಂಡುಹಿಡಿದರು. ದಿನಾ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನಾನು ದೊಡ್ಡ ಮಿಸ್‌ಗೆ ಇಂಗ್ಲಿಷ್ ಉಚ್ಚಾರ ಕಲಿಸಬೇಕಂತೆ! ನಾನು, ಊರಿನ ಗಡಿ ದಾಟದವಳು. ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಅತ್ತು ಇಂಗ್ಲಿಷಿನಲ್ಲೇ ನಕ್ಕವಳಿಗೆ ಕಲಿಸಬೇಕು. ಒಂದು ಟೇಪು ಕೊಟ್ಟರು. ಅದರಲ್ಲಿ ಯಾರೋ ಬಿಳಿಯ ಹೆಂಗಸಿನ ದನಿ. ಅದು ಹೇಳಿದಂತೆ ಇವಳು ಹೇಳಬೇಕು, ತಪ್ಪಾದರೆ ನಾನು ತಿದ್ದಬೇಕು. ಎರಡನೇ ದಿನ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ತುಟಿ ಕಚ್ಚಿದಳು. ನಾನು ಮೇಜಿಗೆ ತಲೆಯಿಟ್ಟೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುನಗುತ್ತಲೇ ಕಣ್ಣೆತ್ತಿದೆ. ಕೆಂಪು ದೀಪ ಉರಿಯುತ್ತಿತ್ತು.

ಮರುದಿನ ಮಾಲೀಕರ ಕೋಣೆಯಿಂದ ಕರೆ ಬಂತು.

"ನಗೋಕೆ ಕೂರಿಸಿಲ್ಲ ನಿಮ್ಮನ್ನ. ಅವರು ತಪ್ಪಾಗಿ ಹೇಳೋ ಒಂದೊಂದು ಪದಾನೂ ಪಟ್ಟಿ ಮಾಡಿ. ಮುಂದಿನ ಶನಿವಾರ ಪೇರೆಂಟ್ಸ್ ಮೀಟಿಂಗ್‌ನಲ್ಲಿ ನೀವೇ ಎದ್ದು ಓದಬೇಕು. ನಿಮ್ಮ ಕುರ್ಚಿ ನಿಮಗೆ ವಾಪಸ್ ಬರುತ್ತೆ."

"ಅವರು?"

"ಊರಿಗೆ ಹೋಗ್ತಾರೆ. ಇಂಗ್ಲಿಷ್ ಕಲಿಸೋಕೆ ತಾನು ಯೋಗ್ಯಳಲ್ಲ ಅಂತ ಬರೆದು ಸಹಿ ಹಾಕಿದ್ರೆ ಪಾಸ್‌ಪೋರ್ಟ್ ಕೊಡ್ತೀನಿ."

ದೊಡ್ಡ ಮಿಸ್ ಸಹಿ ಹಾಕಲಿಲ್ಲ. ಹಾಕಿದರೆ ಇನ್ನಾವ ಶಾಲೆಯೂ ಅವಳನ್ನು ಒಳಗೆ ಬಿಡದು. ಊರಲ್ಲಿ ಆರು ವರ್ಷದ ಮಗನನ್ನು ಅಕ್ಕನ ಹತ್ತಿರ ಬಿಟ್ಟು ಬಂದವಳು. ಪಾಸ್‌ಪೋರ್ಟ್ ಇಲ್ಲದೆ ಬಸ್ಸು ಹತ್ತಲೂ ಹೆದರುತ್ತಿದ್ದಳು. ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದರೆ ತೋರಿಸಲು ಏನಿದೆ? ಶಾಲೆಯ ಸಾಮಾನು ಕೋಣೆಯ ಮೇಲಿನ ಒಂದು ರೂಮು, ಅಲ್ಲಿಂದ ತರಗತಿ, ತರಗತಿಯಿಂದ ಮತ್ತೆ ರೂಮು. ಅವಳು ಓಡಾಡಿದ್ದು ಅಷ್ಟೇ.

"ನನ್ನ ಮಗ ಫೋನ್ ಮಾಡಿದಾಗ ಯಾವಾಗ ಬರ್ತೀಯ ಅಂತಾನೆ. ಬೀರು ತೆಗೆದಾಗ ಅಂತ ಹೇಳೋಕಾಗುತ್ತಾ?" ಎಂದು ಕೇಳಿದಳು ಒಮ್ಮೆ. ಅವಳ ಇಂಗ್ಲಿಷಿನ ಒಂದು ಅಕ್ಷರವೂ ನನಗೆ ಅರ್ಥವಾಗದೇ ಉಳಿಯಲಿಲ್ಲ.

ಆದರೂ ನಾನು ಪಟ್ಟಿ ಬರೆದೆ. ನಾಚಿಕೆಯಾಗುತ್ತದೆ, ಬರೆದೆ. ನಲವತ್ತಮೂರು ಪದ.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಶೇವಿಂಗ್ ಮಾಡುತ್ತಿದ್ದವರು ಬ್ಲೇಡು ಕೆಳಗಿಟ್ಟರು.

"ಓದ್ಬಿಡು. ಆಮೇಲೆ ಮರ್ತುಬಿಡು. ಪುಟ್ಟಿ ಓದು ಹಾಳಾದ್ರೆ ಆ ಹೆಂಗಸು ಬಂದು ಕಲಿಸ್ತಾಳಾ?"

"ನಾನೇ ಕಣ್ರೀ ಅವಳ ಕೈಯಿಂದ ಇಸ್ಕೊಂಡಿದ್ದು."

"ಅದನ್ನ ಅಲ್ಲಿ ಬಾಯಿಬಿಟ್ಟೀಯ ಮತ್ತೆ! ನಂಗೆ ಭಯ ಆಗುತ್ತೆ ಕಣೇ." ಅವರ ಭಯ ನೋಡಿ ನನ್ನ ಭಯ ಎರಡರಷ್ಟಾಯಿತು.

ಶನಿವಾರ ಬಂತು. ದೊಡ್ಡ ಹಾಲಿನಲ್ಲಿ ಅರವತ್ತು ಎಪ್ಪತ್ತು ತಂದೆ ತಾಯಿಗಳು. ದೊಡ್ಡ ಮಿಸ್ಸನ್ನು ಗೋಡೆ ಪಕ್ಕದ ಒಂಟಿ ಕುರ್ಚಿಯಲ್ಲಿ ಕೂರಿಸಿದ್ದರು. ಹೋಮ್‌ವರ್ಕ್ ಮಾಡದೆ ಹೊರಗೆ ನಿಂತ ಮಗುವಿನಂತೆ ಕೈ ಕಟ್ಟಿ ಕೂತಿದ್ದಳು.

"ನಮ್ಮದೇ ಟೀಚರ್ ಒಬ್ಬರು ಈಗ ನಿಮಗೆ ಓದಿ ತೋರಿಸ್ತಾರೆ" ಎಂದರು ಮಾಲೀಕರು.

ಎದ್ದೆ. ಕಾಗದ ಬಿಡಿಸಿದೆ. ಮೊದಲ ಪದ ಓದಿದೆ. ಎರಡನೆಯದು ಓದಿದೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದು ಅವಳಿಗಲ್ಲ, ನನಗೆ. ನಾನು ಓದಿದ ರೀತಿಗೆ.

ಪುಟ್ಟಿ ನೆನಪಾದಳು. ಗಂಡನೂ ನೆನಪಾದರು. ಕೂತುಬಿಡೋಣ ಅನ್ನಿಸಿತು. ಕೂರುವ ಬದಲು ಕಾಗದ ಮಡಚಿದೆ.

"ಈ ಪದಗಳನ್ನ ನಾನೂ ಹೀಗೇ ಹೇಳೋದು" ಎಂದೆ. "ಹನ್ನೊಂದು ವರ್ಷ ನಿಮ್ಮ ಮಕ್ಕಳಿಗೆ ಹೀಗೇ ಹೇಳ್ಕೊಟ್ಟಿದ್ದೀನಿ. ಅವರು ಪಾಸಾಗಿದ್ದಾರೆ, ಕಾಲೇಜಿಗೂ ಹೋಗಿದ್ದಾರೆ. ಇವರದು ಅವರ ತಾಯಿ ಮಾತು. ಅದಕ್ಕೆ ನಾನು ತಪ್ಪು ಹಾಕೋಕೆ ಯಾರು?"

"ಟೀಚರ್, ಕೂತ್ಕೊಳ್ಳಿ" ಎಂದರು ಮಾಲೀಕರು.

"ಕೂತ್ಕೋತೀನಿ ಸಾರ್. ಇವರ ಪಾಸ್‌ಪೋರ್ಟ್ ನಿಮ್ಮ ಬೀರುನಲ್ಲಿದೆ. ನಾನೇ ಇಸ್ಕೊಟ್ಟಿದ್ದು. ಕೊಟ್ಬಿಡಿ, ಕೂತ್ಕೋತೀನಿ."

ಮೊದಲು ಎದ್ದು ಕೇಳಿದವರು ಅದೇ ಕಾರ್ ಶೋರೂಮಿನವರು.

"ಏನ್ ಸಾರ್ ಇದು, ಬೇರೆಯವರ ಪಾಸ್‌ಪೋರ್ಟ್ ನೀವ್ಯಾಕೆ ಇಟ್ಕೊಂಡಿದ್ದೀರಿ? ನಾಳೆ ಪೊಲೀಸ್ ಗಿಲೀಸ್ ಅಂತ ಬಂದ್ರೆ ನಮ್ಮ ಮಕ್ಕಳ ಸ್ಕೂಲ್ ಹೆಸರು ಏನಾಗ್ಬೇಕು?"

ಅವರಿಗೆ ಮರುಕವೇನೂ ಇರಲಿಲ್ಲ. ಅವರಿಗೂ ಭಯ. ಹೇಗಾದರೇನು, ಆ ಭಯಕ್ಕೆ ಬೀರು ತೆರೆಯಿತು.

ಪಾಸ್‌ಪೋರ್ಟ್ ಕೈಗೆ ಬಂದಾಗ ದೊಡ್ಡ ಮಿಸ್ ಅದನ್ನು ತೆರೆದು ತನ್ನ ಫೋಟೋ ಇದೆಯೇ ಎಂದು ನೋಡಿದಳು. ನಂತರ ನನ್ನನ್ನು ತಬ್ಬಿಕೊಂಡಳು. ಎರಡು ದಿನದಲ್ಲಿ ಊರಿಗೆ ಹೊರಟಳು.

ನನ್ನನ್ನು ಅವತ್ತು ಸಂಜೆಯೇ ತೆಗೆದರು. ಪುಟ್ಟಿಯ ಚೀಲವನ್ನು ಗೇಟಿನ ಕಾವಲುಗಾರ ತಾತನ ಕೈಲಿ ಕಳಿಸಿದರು. ಗಂಡ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಟೀ ಲೋಟ ತಂದು ಎದುರಿಗಿಟ್ಟು "ಬೇರೆ ಸ್ಕೂಲ್ ವಿಚಾರಿಸ್ತೀನಿ" ಅಂದರು. ಆ ಮಾತಿಗೇ ನನಗೆ ಅಳು ಬಂತು.

ತಿಂಗಳ ಮೇಲೆ ತಾತ ದಾರಿಯಲ್ಲಿ ಸಿಕ್ಕ.

"ತಾಯಿ, ಶಾಲೆ ಗೋಡೆ ಮೇಲೆ ಹೊಸ ಫಾರಿನ್ ಮೇಷ್ಟ್ರ ಫೋಟೋ ಇರೋ ಬೋರ್ಡ್ ಹಾಕಿದ್ದಾರೆ. ಈ ಸಲ ಬೆಳ್ಳಗಿರೋನು. ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ. ನಾಳೆ ಎಂಟಕ್ಕೆ ಬರ್ತಾನಂತೆ. ಪಾಸ್‌ಪೋರ್ಟ್ ಇಸ್ಕೊಳ್ಳೋಕೆ ಆಫೀಸ್ ಹುಡುಗಿಗೆ ಹೇಳಿಟ್ಟಿದ್ದಾರೆ."

ಮರುದಿನ ಏಳೂವರೆಗೇ ಗೇಟಿನ ಎದುರು ನಿಂತೆ. ಪುಟ್ಟಿ ನನ್ನ ಬೆರಳು ಹಿಡಿದಿದ್ದಳು. ಗೇಟಿನ ಮೇಲೂ ಒಂದು ಕ್ಯಾಮರಾ. ಕೆಂಪು ದೀಪ ಉರಿಯುತ್ತಿತ್ತು. ಒಳಗೆ ಮೆಟ್ಟಿಲ ಮೇಲೆ ಆಫೀಸ್ ಹುಡುಗಿ ನನ್ನಂತೆಯೇ ನಗು ತಂದುಕೊಂಡು ನಿಂತಿದ್ದಳು.

ಟ್ಯಾಕ್ಸಿ ಬಂತು. ಹುಡುಗ ಇಳಿದ. ಬೋರ್ಡಿನಲ್ಲಿದ್ದ ತನ್ನದೇ ಮುಖ ನೋಡಿ ನಕ್ಕ. ತಾತ ಬೇಕೆಂದೇ ಗೇಟಿನ ಚಿಲಕ ತೆಗೆಯಲು ತಡ ಮಾಡಿದ.

ನಾನು ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಹೇಳಿದೆ. ಹನ್ನೊಂದು ವರ್ಷ ಪಾಠ ಮಾಡಿದ ಅದೇ ಇಂಗ್ಲಿಷಿನಲ್ಲಿ, ನನಗೆ ಬರುವ ಹಾಗೆ.

"ಒಳಗೆ ಪಾಸ್‌ಪೋರ್ಟ್ ಕೇಳ್ತಾರೆ. ನಗುನಗುತ್ತಾ ಕೇಳ್ತಾರೆ. ಕೊಡಬೇಡ."

ಅವನ ಕೈ ತಟ್ಟನೆ ಕೋಟಿನ ಒಳಜೇಬಿಗೆ ಹೋಗಿ ಅಲ್ಲೇ ನಿಂತಿತು. ಒಂದೇ ಸಲಕ್ಕೆ ಅರ್ಥವಾಗಿತ್ತು.