ಅಂಗಿಯ ಒಳಹೊಲಿಗೆ

ನಮ್ಮವರು ದರ್ಜಿ. ಊಟಕ್ಕೆ ಕೂತ ಕೂಡಲೇ, ತುತ್ತು ಬಾಯಿಗೆ ಹೋಗುವ ಮೊದಲೇ, "ಉಪ್ಪು ಕಮ್ಮಿ, ಬಿ.ಎ. ಮೇಡಂ" ಎಂದು ನನ್ನ ಓದನ್ನು ಎತ್ತಿ ಛೇಡಿಸುವುದು ಮದುವೆಯಾದಾಗಿನಿಂದ ಅವರ ರೂಢಿ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಈಗ ಅದೊಂದು ಮಾತಿಗಾಗಿ ಕಾಯುತ್ತೇನೆ.

ಶ್ವಾಸಕೋಶದ ಕ್ಯಾನ್ಸರಿಗೆ ರೇಡಿಯೇಷನ್ ಶುರುವಾದ ಮೇಲೆ ಏನು ಬಡಿಸಿದರೂ "ಚೆನ್ನಾಗಿದೆ" ಎನ್ನುತ್ತಾರೆ. ಒಂದೆರಡು ತುತ್ತು ನುಂಗಿ, ಗಂಟಲು ಹಿಡಿದುಕೊಂಡು, ತಟ್ಟೆ ಸರಿಸುತ್ತಾರೆ. ಒಮ್ಮೆ ಗಡಿಬಿಡಿಯಲ್ಲಿ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅದಕ್ಕೂ "ಚೆನ್ನಾಗಿದೆ" ಎಂದರು. ನಾನು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಆದರೂ ಒಂದು ಸಮಾಧಾನವಿತ್ತು. ಅವರ ಅಂಗಿ ಮೊದಲಿನಂತೆಯೇ ಮೈಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಆಸ್ಪತ್ರೆಯಲ್ಲಿ ತೂಕ ನೋಡುವುದು ಒಳಗೆ, ನಾನು ಕಾಯುವುದು ಹೊರಗೆ. "ಎಷ್ಟಿದೆ ರೀ?" ಎಂದರೆ "ಹಾಗೇ ಇದೆ" ಎನ್ನುತ್ತಿದ್ದರು. ನಂಬಿದ್ದೆ.

ಮೊನ್ನೆ ಅಲ್ಲಿಯ ಆಹಾರ ತಜ್ಞೆ ಇಬ್ಬರನ್ನೂ ಕರೆದು ಕೂರಿಸಿದಳು. ಮೊಮ್ಮಗಳ ವಯಸ್ಸಿನ ಹುಡುಗಿ.

"ಅಜ್ಜಿ, ತಾತನ ಬಟ್ಟೆ ಸಡಿಲ ಆಗಿದ್ಯಾ?"

"ಇಲ್ವಲ್ಲಮ್ಮ, ನೀನೇ ನೋಡು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ತೂಕ ವಾರ ವಾರ ಇಳೀತಿದೆ. ನಮ್ಮ ತಕ್ಕಡಿ ಸುಳ್ಳು ಹೇಳ್ತಿದ್ಯೋ, ತಾತನ ಅಂಗಿನೋ?"

ಅವರು ಕಿಟಕಿಯ ಕಡೆ ತಿರುಗಿದರು. ಅವಳು ಕೆದಕಲಿಲ್ಲ. ಇನ್ನೂ ಇಳಿದರೆ ರೇಡಿಯೇಷನ್ ಕೊಡಲು ಎದೆಯ ಮೇಲೆ ಹಾಕಿದ ಗುರುತುಗಳು ಜಾಗ ತಪ್ಪುತ್ತವೆ, ಚಿಕಿತ್ಸೆ ನಿಲ್ಲಿಸಬೇಕಾಗಬಹುದು ಎಂದಷ್ಟೇ ಮೆಲ್ಲಗೆ ಹೇಳಿದಳು. ಸ್ಟೀಲ್ ಚಮಚದಿಂದ ಬಾಯಿರುಚಿ ಕೆಡುತ್ತಿರಬಹುದು ಎಂದು ತನ್ನ ಊಟದ ಡಬ್ಬಿಯ ಮರದ ಚಮಚ ತೊಳೆದು ತಂದು, ಅವರ ಜೇಬಿಗೆ ಪೆನ್ಸಿಲ್ ಸಿಕ್ಕಿಸಿದ ಹಾಗೆ ಸಿಕ್ಕಿಸಿದಳು.

ಮನೆಗೆ ಬಂದು, ಒಗೆಯಲೆಂದು ಅಂಗಿಯನ್ನು ಒಳಮಗ್ಗುಲು ತಿರುವಿದೆ. ಎರಡೂ ಪಕ್ಕಗಳಲ್ಲಿ ಬಟ್ಟೆ ದಪ್ಪಗೆ ಮಡಿಸಿಕೊಂಡಿತ್ತು. ಒಂದು ಹೊಲಿಗೆಯ ಒಳಗೆ ಇನ್ನೊಂದು, ಅದರ ಒಳಗೆ ಮತ್ತೊಂದು. ನಾನು ಮಧ್ಯಾಹ್ನ ಒರಗಿದಾಗ ಮಷಿನ್ ಸದ್ದು ಕೇಳಿಸುತ್ತಿತ್ತು. ಕೈಗೆ ಅಭ್ಯಾಸ ತಪ್ಪಬಾರದು ಎನ್ನುತ್ತಿದ್ದರು.

"ಇದೇನ್ರೀ ಇದು?"

"ದೊಗಳೆ ಅಂಗಿ ನೋಡಿದ್ರೆ ನೀನು ಹೆದರ್ಕೋತೀಯ. ಅದೂ ಅಲ್ದೆ, ದರ್ಜಿನೇ ದೊಗಳೆ ಹಾಕ್ಕೊಂಡ್ರೆ ಬಟ್ಟೆ ಕೊಡೋರು ಯಾರು?"

"ಮಿಕ್ಕಿದ್ದನ್ನ ಯಾಕೆ ಕತ್ತರಿಸಿಲ್ಲ? ಒಳಗೆ ಒತ್ತಲ್ವಾ?"

"ಕತ್ತರಿಸಿಬಿಟ್ರೆ ಆಮೇಲೆ ಬಿಚ್ಚಿ ಅಗಲ ಮಾಡೋಕೆ ಏನಿರುತ್ತೆ, ಪೆದ್ದಿ?"

ಮೈ ಮತ್ತೆ ತುಂಬುವ ದಿನಕ್ಕಾಗಿ ಅವರೂ ಕಾಯುತ್ತಿದ್ದರು.

"ಇನ್ಮೇಲೆ ಚೆನ್ನಾಗಿದೆ ಅಂದ್ರೆ ನೋಡಿ ಮತ್ತೆ" ಎಂದೆ. "ಹೇಗಿದ್ಯೋ ಹಾಗೇ ಹೇಳಿ."

"ಹೇಳ್ಲಾ? ಎಲ್ಲಾ ತುಕ್ಕು ನೆಕ್ಕಿದ ಹಾಗಿದೆ. ಬಿಸಿದು ನುಂಗಿದ್ರೆ ಗಂಟಲೊಳಗೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ."

ಎಷ್ಟೋ ದಿನಕ್ಕೆ ಕೇಳಿದ ದೂರು. ನನ್ನ ಎದೆ ಹಗುರಾಯಿತು. ಹಾಲಿನಲ್ಲಿ ಮೊಟ್ಟೆ ಕದಡಿ ಬೇಯಿಸಿ, ಚೆನ್ನಾಗಿ ಆರಿಸಿ, ಮರದ ಚಮಚದ ಜೊತೆ ಕೊಟ್ಟೆ. ಹೊಲಿಗೆ ಹಾಕುವಷ್ಟು ನಿಧಾನವಾಗಿ, ಅರ್ಧ ಬಟ್ಟಲು ತಿಂದರು.

ಈಗ ದಿನವೂ ಅಷ್ಟಷ್ಟು ತಿನ್ನುತ್ತಿದ್ದಾರೆ. ಅಂಗಿಯ ಹೊಲಿಗೆ ಇನ್ನೂ ಬಿಚ್ಚಿಲ್ಲ, ಹೊಸದನ್ನೂ ಹಾಕಿಲ್ಲ. ನಾನು ಮಾತ್ರ ಎಲ್ಲಕ್ಕೂ ಬೇಕೆಂದೇ ಒಂದು ಚಿಟಿಕೆ ಉಪ್ಪು ಕಮ್ಮಿ ಹಾಕಿ, ಬಡಿಸಿ, ಅವರ ಮುಖ ನೋಡುತ್ತ ಕೂರುತ್ತೇನೆ.